ನಾರ್ಮರ್ ಫಲಕ: ಗೆದ್ದವನು ಕೆತ್ತಿಸಿದ ದಾಖಲೆ

ಕೈರೋ ನಗರದ ತಹ್ರೀರ್ ಚೌಕದಲ್ಲಿರುವ ಈಜಿಪ್ಟ್ ವಸ್ತುಸಂಗ್ರಹಾಲಯದಲ್ಲಿ ಗುರಾಣಿಯ ಆಕಾರದ ಒಂದು ಶಿಲಾಫಲಕವಿದೆ. ಎತ್ತರ ಸುಮಾರು 64 ಸೆಂಟಿಮೀಟರ್. ಬೂದು ಹಸಿರು ಬಣ್ಣದ, ನಯವಾದ ಕಣಗಳ ಒಂದೇ ಕಲ್ಲು. ಎರಡೂ ಬದಿಗಳಲ್ಲಿ ತೆಳುವಾದ ಉಬ್ಬುಕೆತ್ತನೆ. ಕಾಲ ಕ್ರಿ.ಪೂ. 3100ರ ಆಸುಪಾಸು, ಎಂದರೆ ಗೀಜಾದ ಮಹಾ ಪಿರಮಿಡ್ ಏಳುವುದಕ್ಕೆ ಐದು ಶತಮಾನಗಳಷ್ಟು ಹಿಂದೆ. ನಾರ್ಮರ್ ಎಂಬ ಅರಸನ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ಅಲ್ಲಿ ದಕ್ಷಿಣದ ಕಣಿವೆ ಮೇಲಣ ಈಜಿಪ್ಟ್, ಉತ್ತರದ ನದೀಮುಖಜ ಭೂಮಿ ಕೆಳಗಣ ಈಜಿಪ್ಟ್. ಈ ಎರಡು ನಾಡುಗಳು ಒಬ್ಬನೇ ಅರಸನ ಕೈಕೆಳಗೆ ಒಂದಾದುದರ ದಾಖಲೆಯಿದು ಎಂದು ಪಠ್ಯಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ದಾಖಲೆಯೆಂಬ ಮಾತನ್ನು ಒಪ್ಪೋಣ. ಆದರೆ ಯಾರು, ಯಾರ ಕಣ್ಣಿಗಾಗಿ, ಏನನ್ನು ದಾಖಲಿಸಿದರು ಎಂದು ಕೇಳದೆ ಯಾವ ದಾಖಲೆಯನ್ನೂ ಓದಬಾರದೆಂಬುದನ್ನು ಸರ್ಕಾರಿ ಕಡತಗಳ ಒಡನಾಟ ನನಗೆ ಕಲಿಸಿದೆ. ಐದು ಸಾವಿರ ವರ್ಷ ಹಳೆಯ ಈ ಕಡತಕ್ಕೂ ಅದೇ ನಿಯಮ ಸಲ್ಲಬೇಕು.

ಮೊದಲು ವಸ್ತುವಿನ ವಂಶಾವಳಿ. ಅರಸರು ಹುಟ್ಟುವುದಕ್ಕಿಂತ ಬಹಳ ಹಿಂದಿನಿಂದಲೂ ನೈಲ್ ಕಣಿವೆಯ ಜನ ಕಣ್ಣಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಹಸಿರಿಗೆ ತಾಮ್ರದ ಅದಿರಾದ ಮ್ಯಾಲಕೈಟ್, ಕಪ್ಪಿಗೆ ಸೀಸದ ಅದಿರಾದ ಗಲೀನಾ. ನಮ್ಮ ದೇವರ ಮನೆಗಳಲ್ಲಿ ಗಂಧ ತೇಯಲು ಸಾಣೆಕಲ್ಲು ಇರುವಂತೆ, ಅವರಿಗೆ ಈ ಅದಿರುಗಳನ್ನು ಅರೆಯಲು ಚಪ್ಪಟೆ ಕಲ್ಲು ಬೇಕಿತ್ತು. ನೈಲ್ ನದಿಗೂ ಕೆಂಪು ಸಮುದ್ರಕ್ಕೂ ನಡುವಿನ ಮರುಭೂಮಿಯ ವಾದಿ ಹಮ್ಮಾಮತ್ ಎಂಬ ಕಣಿವೆಯಿಂದ ಆ ಕಲ್ಲು ಬರುತ್ತಿತ್ತು. ಮೀನು, ಆಮೆ, ಹಕ್ಕಿ ಹೀಗೆ ನಾನಾ ಆಕಾರಗಳಲ್ಲಿ ಕಡೆದ ಇಂಥ ಫಲಕಗಳು ಸಾಮಾನ್ಯರ ಸಮಾಧಿಗಳಲ್ಲಿ ಬೇಕಾದಷ್ಟು ಸಿಕ್ಕಿವೆ. ಸತ್ತವರ ಪಕ್ಕದಲ್ಲಿ ಅವರ ಕಾಡಿಗೆಯ ಕಲ್ಲನ್ನೂ ಇಡುತ್ತಿದ್ದರು. ಮನೆಬಳಕೆಯ ಈ ವಸ್ತು ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಕೊನೆಯ ಹೊತ್ತಿಗೆ ಬಲಾಢ್ಯರ ಕೈಸೇರಿತು. ಗಾತ್ರ ಹಿಗ್ಗಿತು, ಮೈತುಂಬ ಬೇಟೆ, ಕಾಳಗ, ಮೃಗಗಳ ಕೆತ್ತನೆ ಮೂಡಿತು, ಇರುವ ಜಾಗ ಮನೆಯಿಂದ ದೇವಾಲಯಕ್ಕೆ ಬದಲಾಯಿತು. ನಾರ್ಮರ್ ಫಲಕ ಈ ಸಾಲಿನ ತುದಿಯಲ್ಲಿ ಬರುತ್ತದೆ. ಅದರ ಒಂದು ಬದಿಯ ನಡುವೆ ಬಣ್ಣ ಅರೆಯುವ ದುಂಡನೆಯ ಗುಳಿ ಇನ್ನೂ ಉಳಿದಿದೆ. ಸುತ್ತಲಿನದೆಲ್ಲ ಅರಸನದು.

ಕೆತ್ತನೆಯನ್ನು ನೋಡೋಣ. ಗುಳಿಯಿಲ್ಲದ ಬದಿಯಲ್ಲಿ ಒಂದೇ ದೊಡ್ಡ ದೃಶ್ಯ. ಮೇಲಣ ಈಜಿಪ್ಟಿನ ಎತ್ತರದ ಬಿಳಿಯ ಕಿರೀಟ ತೊಟ್ಟ ನಾರ್ಮರ್ ಬಲಗೈಯಲ್ಲಿ ಗದೆ ಎತ್ತಿದ್ದಾನೆ. ಎಡಗೈಯಲ್ಲಿ ಮಂಡಿಯೂರಿದ ಶತ್ರುವಿನ ಜುಟ್ಟು ಹಿಡಿದಿದ್ದಾನೆ. ಶತ್ರುವಿನ ತಲೆಯ ಮೇಲ್ಗಡೆ ಅರಸುತನದ ದೇವತೆ ಹೋರಸ್ ಗಿಡುಗನ ರೂಪದಲ್ಲಿ ಬಂದು, ಪಪೈರಸ್ ಜೊಂಡು ಬೆಳೆದ ನೆಲದ ಚಿಹ್ನೆಯ ಮೇಲೆ ನಿಂತಿದ್ದಾನೆ. ಆ ನೆಲಕ್ಕೆ ಮನುಷ್ಯನ ತಲೆಯಿದೆ, ತಲೆಗೆ ಮೂಗುದಾರವಿದೆ, ಮೂಗುದಾರದ ಇನ್ನೊಂದು ತುದಿ ಗಿಡುಗನ ಹಿಡಿತದಲ್ಲಿದೆ. ಜೊಂಡು ಬೆಳೆಯುವುದು ಉತ್ತರದ ಜೌಗುನಾಡಿನಲ್ಲಿ. ಆದ್ದರಿಂದ ಸೋತದ್ದು ಉತ್ತರವೆಂಬ ಅರ್ಥ. ಕೆಳಗೆ ಇಬ್ಬರು ಬೆತ್ತಲೆ ಮನುಷ್ಯರು ದಿಕ್ಕೆಟ್ಟು ಬಿದ್ದಿದ್ದಾರೆ, ಇಲ್ಲವೆ ಓಡುತ್ತಿದ್ದಾರೆ.

ಗುಳಿಯಿರುವ ಬದಿಯಲ್ಲಿ ದೃಶ್ಯಗಳು ಮೂರು ಪಟ್ಟಿಗಳಲ್ಲಿ ಹರಡಿವೆ. ಮೇಲಿನ ಪಟ್ಟಿಯಲ್ಲಿ ಅದೇ ಅರಸ ಈಗ ಕೆಳಗಣ ಈಜಿಪ್ಟಿನ ಕೆಂಪು ಕಿರೀಟ ತೊಟ್ಟು ನಡೆಯುತ್ತಿದ್ದಾನೆ. ಮುಂದೆ ನಾಲ್ವರು ಧ್ವಜಸ್ತಂಭ ಹಿಡಿದವರು. ಅವರೆದುರು ಎರಡು ಸಾಲುಗಳಲ್ಲಿ ಹತ್ತು ಹೆಣಗಳು. ಕೈ ಕಟ್ಟಿದೆ, ಕಡಿದ ತಲೆಗಳನ್ನು ಅವರವರ ಕಾಲುಗಳ ನಡುವೆ ಇಡಲಾಗಿದೆ. ನಡುವಿನ ಪಟ್ಟಿಯಲ್ಲಿ ಹಾವಿನಂತೆ ನೀಳವಾದ ಕತ್ತುಗಳುಳ್ಳ ಎರಡು ವಿಚಿತ್ರ ಮೃಗಗಳು. ಹೆಣೆದುಕೊಂಡ ಅವುಗಳ ಕತ್ತುಗಳ ಬಳಸಿನಲ್ಲೇ ಆ ದುಂಡು ಗುಳಿಯಿದೆ. ಇಬ್ಬರು ಆಳುಗಳು ಮೃಗಗಳನ್ನು ಹಗ್ಗ ಹಾಕಿ ಜಗ್ಗಿ ಹಿಡಿದಿದ್ದಾರೆ. ಕತ್ತು ಹೆಣೆದ ಇಂಥ ಮೃಗಗಳು ಅದೇ ಯುಗದ ಮೆಸಪೊಟೇಮಿಯದ ಮುದ್ರೆಗಳಲ್ಲಿ ಕಾಣಿಸುತ್ತವೆ. ಈಜಿಪ್ಟಿನ ಅರಸುತನ ತನ್ನನ್ನು ತಾನು ಚಿತ್ರಿಸಿಕೊಳ್ಳಲು ದೂರದ ನಾಡಿನಿಂದ ಒಂದು ಮಾದರಿಯನ್ನು ಎರವಲು ತಂದಿತ್ತು. ಕೆಳಗಿನ ಪಟ್ಟಿಯಲ್ಲಿ ಗೂಳಿಯೊಂದು ಕೋಟೆಯ ಗೋಡೆಯನ್ನು ಕೊಂಬಿನಿಂದ ಒಡೆಯುತ್ತ, ಬಿದ್ದವನೊಬ್ಬನನ್ನು ತುಳಿಯುತ್ತಿದೆ. ಆ ಗೂಳಿಯೂ ಅರಸನೇ.

ಅರಸನ ಹೆಸರು ಎರಡೂ ಬದಿಗಳ ನೆತ್ತಿಯಲ್ಲಿದೆ. ಹಸುವಿನ ಕೊಂಬು, ಕಿವಿಗಳುಳ್ಳ ದೇವತೆಯ ಎರಡು ಮುಖಗಳ ನಡುವೆ, ಅರಮನೆಯ ಮುಂಭಾಗವನ್ನು ಸೂಚಿಸುವ ಒಂದು ಚೌಕಟ್ಟು. ಅದರೊಳಗೆ ಮೀಸೆಯುಳ್ಳ ಒಂದು ಮೀನು, ಒಂದು ಉಳಿ. ಮೀನಿಗೆ ಅವರ ನುಡಿಯಲ್ಲಿ 'ನಾರ್', ಉಳಿಗೆ 'ಮೆರ್'. ತಲಕಾಡು ಎಂಬ ಊರ ಹೆಸರನ್ನು ಸೂಚಿಸಲು ಯಾರಾದರೂ ಒಂದು ತಲೆಯನ್ನೂ ಒಂದು ಕಾಡನ್ನೂ ಬಿಡಿಸಿದರೆ ಹೇಗೋ ಹಾಗೆ. ಚಿತ್ರ ವಸ್ತುವನ್ನು ಬಿಟ್ಟು ದನಿಯನ್ನು ಹಿಡಿದ ಗಳಿಗೆಯಿದು. ಬರವಣಿಗೆ ಎಂಬುದರ ಹೊಸ್ತಿಲು. ಗದೆಯ ಪೆಟ್ಟಿಗೆ ಕಾದಿರುವ ಶತ್ರುವಿನ ಪಕ್ಕದಲ್ಲೂ ಎರಡು ಚಿಹ್ನೆಗಳಿವೆ: ಮೀನು ತಿವಿಯುವ ಈಟಿ ಮತ್ತು ನೀರಿನ ಕೊಳ. ಅದು ಆ ಮನುಷ್ಯನ ಹೆಸರೋ, ಅವನ ನಾಡಿನ ಹೆಸರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಗೆದ್ದವನ ಹೆಸರು ನೆತ್ತಿಯ ಮೇಲೆ ಎರಡು ಸಲ ಸ್ಪಷ್ಟವಾಗಿದೆ. ಸೋತವನ ಹೆಸರು ಹೆಸರೇ ಹೌದೋ ಅಲ್ಲವೋ ಎಂಬುದೂ ತಿಳಿಯದು.

ಈ ಫಲಕ ಸಿಕ್ಕಿದ ಬಗೆಯಲ್ಲೂ ದಾಖಲೆಯ ಪಾಡು ಅಡಗಿದೆ. 1897-98ರಲ್ಲಿ ಜೇಮ್ಸ್ ಕ್ವಿಬೆಲ್ ಮತ್ತು ಫ್ರೆಡರಿಕ್ ಗ್ರೀನ್ ಎಂಬ ಇಬ್ಬರು ಬ್ರಿಟಿಷ್ ಪುರಾತತ್ತ್ವಜ್ಞರು ನೈಲ್ ನದಿಯ ಪಶ್ಚಿಮ ದಂಡೆಯ ಪುರಾತನ ನೆಖೆನ್ ಪಟ್ಟಣವನ್ನು ಅಗೆಯುತ್ತಿದ್ದರು. ಗ್ರೀಕರು ಅದನ್ನು ಹಿಯೆರಾಕಾನ್‌ಪೊಲಿಸ್, ಎಂದರೆ ಗಿಡುಗನ ನಗರ ಎಂದು ಕರೆದಿದ್ದರು. ಹೋರಸನ ದೇವಾಲಯದ ಆವರಣದಲ್ಲಿ, ಬೇರೆಬೇರೆ ಕಾಲದ ಹಳೆಯ ಕಾಣಿಕೆಗಳನ್ನು ಒಟ್ಟಿಗೆ ಹೂತಿಟ್ಟಿದ್ದ ಒಂದು ರಾಶಿ ಸಿಕ್ಕಿತು. ಕ್ವಿಬೆಲ್ 1900ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಫಲಕವಿದ್ದುದು ಆ ರಾಶಿಯಲ್ಲೇ. ಗ್ರೀನ್ 1902ರಲ್ಲಿ ಬರೆದ ವರದಿಯ ಪ್ರಕಾರ ಅದು ರಾಶಿಯಿಂದ ಒಂದೆರಡು ಗಜ ಆಚೆ ಸಿಕ್ಕಿತು. ಗ್ರೀನನ ಕ್ಷೇತ್ರ ಟಿಪ್ಪಣಿಗಳು ಅವನ ಮಾತನ್ನೇ ಬೆಂಬಲಿಸುತ್ತವೆ. ಜೊತೆಯಲ್ಲೇ ಅಗೆದ ಇಬ್ಬರು ಅಧಿಕಾರಿಗಳ ಷರಾಗಳು ಎರಡು ವರ್ಷಗಳಲ್ಲಿ ಹೀಗೆ ಬೇರೆಯಾದರೆ, ಐದು ಸಾವಿರ ವರ್ಷ ಹಿಂದಿನ ಶಿಲ್ಪಿಯ ಷರಾವನ್ನು ಪ್ರತ್ಯಕ್ಷದರ್ಶಿಯ ಹೇಳಿಕೆಯೆಂದು ಓದುವ ಮೊದಲು ಸ್ವಲ್ಪ ತಡೆಯಬೇಕು. ಅಗೆತದಲ್ಲಿ ಸಿಕ್ಕ ವಸ್ತುಗಳನ್ನು ಆಗಿನ ಪದ್ಧತಿಯಂತೆ ಹಂಚಿಕೊಂಡರು. ಫಲಕ ಕೈರೋದಲ್ಲಿ ಉಳಿಯಿತು. ನಾರ್ಮರನ ಹೆಸರುಳ್ಳ ಗದೆಯ ತಲೆಯೂ, ಅವನಿಗೂ ಹಿಂದಿನವನೆನ್ನಲಾದ ಚೇಳಿನ ಚಿಹ್ನೆಯ ಅರಸನ ಗದೆಯ ತಲೆಯೂ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯಕ್ಕೆ ಹೋದವು.

ಒಂದು ಬದಿಯಲ್ಲಿ ಬಿಳಿಯ ಕಿರೀಟ, ಇನ್ನೊಂದು ಬದಿಯಲ್ಲಿ ಕೆಂಪು ಕಿರೀಟ, ಸೋತದ್ದು ಜೊಂಡಿನ ನಾಡು. ಇವನ್ನು ಕೂಡಿಸಿ 'ದಕ್ಷಿಣದ ಅರಸ ಒಂದು ಯುದ್ಧದಲ್ಲಿ ಉತ್ತರವನ್ನು ಗೆದ್ದು ದೇಶವನ್ನು ಒಂದು ಮಾಡಿದ' ಎಂದು ಓದಿದ್ದು ಸಹಜವೇ. ಆದರೆ ಜುಟ್ಟು ಹಿಡಿದು ಗದೆಯೆತ್ತುವ ಆ ಭಂಗಿಯ ಚರಿತ್ರೆಯನ್ನು ಬಿಡಿಸಿದರೆ ಸಂಶಯ ಮೂಡುತ್ತದೆ. ಅದೇ ನೆಖೆನ್ ಪಟ್ಟಣದಲ್ಲಿ, ನಾರ್ಮರನಿಗಿಂತ ಮೂರು ಶತಮಾನಗಳಿಗೂ ಹಿಂದಿನ ಒಂದು ಸಮಾಧಿಯ ಗೋಡೆಯಲ್ಲಿ ಬಣ್ಣದ ಚಿತ್ರಗಳಿದ್ದವು. ಅದರ ಮೂಲೆಯೊಂದರಲ್ಲಿ ಕಟ್ಟಿಹಾಕಿದ ಮೂವರ ಮೇಲೆ ಒಬ್ಬ ಗದೆಯೆತ್ತಿ ನಿಂತಿದ್ದಾನೆ. ಎಂದರೆ ನಾರ್ಮರನ ಶಿಲ್ಪಿ ಆ ಭಂಗಿಯನ್ನು ರಣರಂಗದಲ್ಲಿ ಕಂಡು ಕೆತ್ತಬೇಕಾದ ಅಗತ್ಯವಿರಲಿಲ್ಲ. ಅರಸನನ್ನು ಹೇಗೆ ತೋರಿಸಬೇಕೆಂಬ ಮಾದರಿ ಮೊದಲೇ ಸಿದ್ಧವಾಗಿತ್ತು.

ಆ ಮಾದರಿ ನಾರ್ಮರನ ನಂತರವೂ ಮೂರು ಸಾವಿರ ವರ್ಷ ಬಾಳಿತು. ನೆಖೆನ್‌ನಿಂದ ಒಂದು ಹಗಲಿನ ನಡಿಗೆಯಷ್ಟು ದಕ್ಷಿಣಕ್ಕೆ ಎಡ್ಫು ಎಂಬ ಊರಿದೆ. ಅಲ್ಲಿನ ಹೋರಸನ ದೇವಾಲಯದ ಮಹಾದ್ವಾರದ ಎರಡೂ ಗೋಪುರಗಳ ಮೇಲೆ ಹನ್ನೆರಡನೆಯ ಟಾಲೆಮಿ ಅದೇ ಠೀವಿಯಲ್ಲಿ ಶತ್ರುಗಳ ಜುಟ್ಟು ಹಿಡಿದು ನಿಂತಿದ್ದಾನೆ. ಚರಿತ್ರೆಯಲ್ಲಿ ಈತ ಕ್ಲಿಯೋಪಾತ್ರಳ ತಂದೆ. ಕ್ರಿ.ಪೂ. 58ರಲ್ಲಿ ತನ್ನದೇ ಪ್ರಜೆಗಳ ವಿರೋಧಕ್ಕೆ ಸಿಲುಕಿ ದೇಶ ಬಿಟ್ಟು ರೋಮಿಗೆ ಹೋದವನು. 55ರಲ್ಲಿ ರೋಮನ್ ಸೈನ್ಯದ ಆಸರೆಯಿಂದ ಮರಳಿ ಸಿಂಹಾಸನ ಏರಿದವನು. ಗೋಡೆಯ ಮೇಲಿನ ವೀರನಿಗೂ ಈ ಅರಸನಿಗೂ ಇರುವ ದೂರವನ್ನು ಅಳೆಯಲು ಯಾವ ಪುರಾತತ್ತ್ವ ಸಾಧನವೂ ಬೇಡ.

ಇದಕ್ಕಿಂತ ಕಣ್ಣು ತೆರೆಸುವ ಉದಾಹರಣೆ ಇನ್ನೊಂದಿದೆ. ಐದನೆಯ ರಾಜವಂಶದ ಸಾಹುರೆ ಕ್ರಿ.ಪೂ. 25ನೆಯ ಶತಮಾನದಲ್ಲಿ ಅಬುಸಿರ್‌ನಲ್ಲಿ ಕಟ್ಟಿಸಿದ ದೇವಾಲಯದಲ್ಲಿ ಅವನು ಲಿಬಿಯದ ನಾಯಕನೊಬ್ಬನನ್ನು ಬಡಿಯುವ ಕೆತ್ತನೆಯಿದೆ. ಪಕ್ಕದಲ್ಲಿ ನಾಯಕನ ಹೆಂಡತಿ, ಇಬ್ಬರು ಮಕ್ಕಳು ಗೋಗರೆಯುತ್ತಿದ್ದಾರೆ. ಅವರ ಹೆಸರುಗಳನ್ನೂ ಬರೆದಿದೆ. ಹೆಸರು ಸಮೇತ ಇರುವುದರಿಂದ ಇದು ನಡೆದ ಘಟನೆಯೇ ಎಂದು ಯಾರಾದರೂ ನಂಬಿಯಾರು. ಆದರೆ ಸುಮಾರು ಎರಡು ಶತಮಾನಗಳ ನಂತರ ಎರಡನೆಯ ಪೆಪಿಯ ದೇವಾಲಯದಲ್ಲಿ ಅದೇ ದೃಶ್ಯ, ಅದೇ ಹೆಂಡತಿ, ಅದೇ ಮಕ್ಕಳು, ಅವೇ ಹೆಸರುಗಳು. ಮತ್ತೆ ಸಾಹುರೆಯಿಂದ ಸುಮಾರು 1,800 ವರ್ಷಗಳ ನಂತರ, ಕ್ರಿ.ಪೂ. ಏಳನೆಯ ಶತಮಾನದಲ್ಲಿ, ತಹರ್ಕ ಎಂಬ ಅರಸ ನೂಬಿಯದ ಕಾವಾದಲ್ಲಿ ಕಟ್ಟಿಸಿದ ದೇವಾಲಯದಲ್ಲೂ ಅದೇ ಕುಟುಂಬ ಗೋಗರೆಯುತ್ತಿದೆ. ಹಿಂದಿನ ವರ್ಷದ ವಾರ್ಷಿಕ ವರದಿಯಲ್ಲಿ ಇಸವಿಯೊಂದನ್ನೇ ತಿದ್ದಿ ಈ ವರ್ಷದ ವರದಿ ಸಲ್ಲಿಸುವ ಕಲೆ ನಮ್ಮ ಕಚೇರಿಗಳ ಆವಿಷ್ಕಾರವಲ್ಲ. ಈಜಿಪ್ಟಿನವರ ಮಟ್ಟಿಗೆ ಇದು ಸುಳ್ಳೂ ಆಗಿರಲಿಲ್ಲ. ಅರಸನಾದವನು ಅವ್ಯವಸ್ಥೆಯನ್ನು ಬಡಿದು ಲೋಕವನ್ನು ನೆಲೆನಿಲ್ಲಿಸಬೇಕು. ಪ್ರತಿ ಅರಸನೂ ಅದನ್ನು ಮಾಡಿದನೆಂದು ದೇವರ ಎದುರು ಬರೆಯಲೇಬೇಕು. ಅದು ಪದವಿಯ ಕರ್ತವ್ಯಪಟ್ಟಿ. ಅದನ್ನು ಘಟನೆಯ ವರದಿಯೆಂದು ಭ್ರಮಿಸಿದ್ದು ನಮ್ಮ ಕಾಲದ ಓದು.

ಕನ್ನಡ ಓದುಗರಿಗೆ ಈ ಎಚ್ಚರ ಹೊಸದಲ್ಲ. ಶಾಸನಗಳ ಪ್ರಶಸ್ತಿಭಾಗವನ್ನು ಓದುವಾಗ ಇದನ್ನು ರೂಢಿಸಿಕೊಂಡಿದ್ದೇವೆ. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆದ ಪ್ರಶಸ್ತಿ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದನೆಂದು ಸಾರುತ್ತದೆ. ಆಸ್ಥಾನ ಕವಿಯ ಮಾತಷ್ಟೇ ನಮ್ಮಲ್ಲಿದ್ದಿದ್ದರೆ ಅನುಮಾನಕ್ಕೆ ಎಡೆಯಿರುತ್ತಿತ್ತು. ಆದರೆ ಚಾಲುಕ್ಯರ ಋಣವಿಲ್ಲದ, ಹರ್ಷನ ಆದರಕ್ಕೆ ಪಾತ್ರನಾಗಿದ್ದ ಹ್ಯುಯೆನ್ ತ್ಸಾಂಗ್ ಎಂಬ ಚೀನಾದ ಯಾತ್ರಿಕನೂ ಹರ್ಷ ಈ ನಾಡನ್ನು ಮಣಿಸಲಾಗಲಿಲ್ಲವೆಂದೇ ಬರೆದ. ಬೇರೆ ಪಾಳೆಯದಿಂದ ಬಂದ ಎರಡನೆಯ ಸಾಕ್ಷಿ ಪ್ರಶಸ್ತಿಯನ್ನು ಚರಿತ್ರೆಗೆ ಹತ್ತಿರ ತಂದಿತು. ನಾರ್ಮರನ ವಿಷಯದಲ್ಲಿ ಅಂಥ ಎರಡನೆಯ ಸಾಕ್ಷಿಯಿಲ್ಲ. ಜೊಂಡಿನ ನಾಡಿನವರು ತಮ್ಮ ಕಡೆಯ ಕಥೆಯನ್ನು ಕಲ್ಲಿನಲ್ಲಾಗಲಿ ಮಣ್ಣಿನಲ್ಲಾಗಲಿ ಬಿಟ್ಟುಹೋಗಿಲ್ಲ.

ಹಾಗೆಂದು ನಾರ್ಮರನೇ ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸಲ್ಲದು. 1998ರಲ್ಲಿ ಗುಂಟರ್ ಡ್ರೈಯರ್ ನೇತೃತ್ವದ ಜರ್ಮನ್ ತಂಡಕ್ಕೆ ಅಬಿಡೋಸ್‌ನ ರಾಜಸ್ಮಶಾನದಲ್ಲಿ ದಂತದ ಒಂದು ಚಿಕ್ಕ ಚೀಟಿ ಸಿಕ್ಕಿತು. ಅದರಲ್ಲಿ ನಾರ್ಮರನ ಹೆಸರಿನ ಮೀನು ಜೊಂಡು ಹೊತ್ತ ಶತ್ರುವಿನ ಮೇಲೆ ಗದೆಯೆತ್ತಿದೆ. ಇಂಥ ಚೀಟಿಗಳಲ್ಲಿ ವರ್ಷವನ್ನು ಅದರ ಮುಖ್ಯ ಘಟನೆಯಿಂದ ಗುರುತಿಸುವ ರೂಢಿಯಿತ್ತು. ಹಾಗಾಗಿ ಉತ್ತರದಲ್ಲಿ ಒಂದು ದಂಡಯಾತ್ರೆ ನಿಜಕ್ಕೂ ನಡೆದಿರಬಹುದೆಂಬ ವಾದಕ್ಕೆ ಬಲ ಬಂದಿದೆ. ಅದೇ ಸ್ಮಶಾನದ ಎರಡು ಮುದ್ರೆಗಳು ಮೊದಲ ರಾಜವಂಶದ ಅರಸರ ಪಟ್ಟಿಯನ್ನು ನಾರ್ಮರನಿಂದಲೇ ತೊಡಗಿಸುತ್ತವೆ. ಅವನ ಹೆಸರು ಗೀರಿದ ಮಡಕೆಗಳು ಉತ್ತರದ ನದೀಮುಖದಲ್ಲಷ್ಟೇ ಅಲ್ಲ, ಇಂದಿನ ಇಸ್ರೇಲಿನ ಅರಾದ್ ತನಕ ಸಿಕ್ಕಿವೆ. ಅರಸನಿದ್ದ, ಅವನ ಕೈ ಉದ್ದವಾಗಿತ್ತು. ಪ್ರಶ್ನೆಯಿರುವುದು ಒಂದೇ ಪೆಟ್ಟಿನಲ್ಲಿ ನಾಡು ಒಂದಾಯಿತೆಂಬ ಚಿತ್ರದ ಬಗ್ಗೆ.

ಮಣ್ಣಿನೊಳಗಿನ ಸಾಕ್ಷ್ಯ ಆ ಚಿತ್ರವನ್ನು ಒಪ್ಪುವುದಿಲ್ಲ. ದಕ್ಷಿಣದ ಮಡಕೆಗಳ ಶೈಲಿಯೂ ಶವಸಂಸ್ಕಾರದ ಪದ್ಧತಿಯೂ ನಾರ್ಮರನಿಗಿಂತ ತಲೆಮಾರುಗಳ ಮೊದಲೇ ಉತ್ತರಕ್ಕೆ ಹರಡಿದ್ದವು. ಸೈನ್ಯ ಹೋಗುವ ಮೊದಲೇ ವ್ಯಾಪಾರ ಹೋಗಿತ್ತು, ವಲಸೆ ಹೋಗಿತ್ತು, ಬಹುಶಃ ಮದುವೆಯ ದಿಬ್ಬಣಗಳೂ ಹೋಗಿದ್ದವು. ಅಬಿಡೋಸ್‌ನಲ್ಲಿ ಯು-ಜೆ ಎಂದು ಗುರುತಿಸಲಾದ, ನಾರ್ಮರನಿಗೆ ಒಂದು ಶತಮಾನದಷ್ಟು ಹಿಂದಿನ ಒಡೆಯನೊಬ್ಬನ ಸಮಾಧಿಯಲ್ಲಿ ಮದ್ಯದ ನೂರಾರು ಜಾಡಿಗಳೂ, ಮೂಳೆ ಮತ್ತು ದಂತದಲ್ಲಿ ಮಾಡಿದ ನೂರಕ್ಕೂ ಮಿಕ್ಕಿ ಪುಟ್ಟ ಚೀಟಿಗಳೂ ಸಿಕ್ಕಿದವು. ಅಂಚೆಚೀಟಿಯಷ್ಟೇ ಅಗಲ, ದಾರ ಪೋಣಿಸಲು ಒಂದು ತೂತು, ಮೇಲೆ ಒಂದು ಸಂಖ್ಯೆ, ಇಲ್ಲವೆ ಊರನ್ನೋ ಒಡೆತನವನ್ನೋ ಸೂಚಿಸುವ ಚಿಹ್ನೆ. ಯಾವ ಸರಕು, ಎಷ್ಟು, ಎಲ್ಲಿಂದ ಬಂತು ಎಂಬ ಲೆಕ್ಕ. ಈಜಿಪ್ಟಿನಲ್ಲಿ ನಮಗೆ ತಿಳಿದಿರುವ ಅತಿ ಹಳೆಯ ಬರಹಗಳಲ್ಲಿ ಇವೂ ಸೇರಿವೆ. ಅರಸನ ಗೆಲುವನ್ನು ಸಾರುವುದಕ್ಕೆ ಮುಂಚೆ ಆ ಲಿಪಿ ಉಗ್ರಾಣದ ಬಾಗಿಲಲ್ಲಿ ದುಡಿಯುತ್ತಿತ್ತು. ನಾಡನ್ನು ಒಂದಾಗಿ ಹಿಡಿದದ್ದು ಗದೆಗಿಂತ ಹೆಚ್ಚಾಗಿ ಈ ಚೀಟಿಗಳೇ ಎಂದು ನಾನು ಭಾವಿಸುತ್ತೇನೆ. ಲೆಕ್ಕವೂ ಅರಮನೆಯ ಕೈಗೆ ಸಿಕ್ಕಾಗ ಏನಾಗುತ್ತದೆಂಬುದನ್ನು ಆಕ್ಸ್‌ಫರ್ಡಿನಲ್ಲಿರುವ ನಾರ್ಮರನ ಗದೆಯ ತಲೆ ತೋರಿಸುತ್ತದೆ. ಅದರ ಮೇಲೆ 4,00,000 ದನಗಳು, 14,22,000 ಆಡುಗಳು, 1,20,000 ಸೆರೆಯಾಳುಗಳು ಎಂದು ಕೆತ್ತಿದೆ. ಇಷ್ಟು ದುಂಡನೆಯ ಅಂಕಿಗಳನ್ನು ಕಂಡ ಯಾವ ಲೆಕ್ಕಪರಿಶೋಧಕನೂ ಹುಬ್ಬೇರಿಸದೆ ಇರಲಾರ.

ಫಲಕವನ್ನು ನೋಡುವಾಗ ನನ್ನ ಕಣ್ಣು ಅರಸನನ್ನು ದಾಟಿ ಅವನ ಬೆನ್ನ ಹಿಂದಿರುವ ಸಣ್ಣ ಮನುಷ್ಯನ ಮೇಲೆ ನಿಲ್ಲುತ್ತದೆ. ಎರಡೂ ಬದಿಗಳಲ್ಲಿ ಅವನಿದ್ದಾನೆ. ಒಂದು ಕೈಯಲ್ಲಿ ಅರಸನ ಪಾದರಕ್ಷೆಗಳು, ಇನ್ನೊಂದರಲ್ಲಿ ನೀರಿನ ಪುಟ್ಟ ಹೂಜಿ. ಅರಸ ಬರಿಗಾಲಲ್ಲಿದ್ದಾನೆ, ಎಂದರೆ ನಿಂತಿರುವುದು ಪವಿತ್ರವಾದ ನೆಲದಲ್ಲಿ, ನಡೆಯುತ್ತಿರುವುದು ಒಂದು ವಿಧಿ. ಪಾದುಕೆ ಎಂದೊಡನೆ ನಮಗೆ ನೆನಪಾಗುವುದು ಭರತ. ಅಲ್ಲಿ ಅರಸನಿಲ್ಲದ ಊರಿನಲ್ಲಿ ಪಾದುಕೆಗಳು ಸಿಂಹಾಸನದ ಮೇಲೆ ಕೂತವು. ಇಲ್ಲಿ ಅರಸನೂ ಇದ್ದಾನೆ, ಪಾದರಕ್ಷೆಯೂ ಇದೆ. ಅದನ್ನು ಹಿಡಿದವನಿಗೆ ಅರಸನ ಮೊಣಕಾಲಿನಷ್ಟೋ ಸೊಂಟದಷ್ಟೋ ಎತ್ತರ ಮಾತ್ರ. ಕೆಂಪು ಕಿರೀಟದ ಬದಿಯಲ್ಲಿ ಅರಸನ ಮುಂದೆ ಇನ್ನೊಬ್ಬ ಅಧಿಕಾರಿಯೂ ನಡೆಯುತ್ತಿದ್ದಾನೆ. ಸರ್ಕಾರಿ ನೌಕರರ ಅತ್ಯಂತ ಹಳೆಯ ಭಾವಚಿತ್ರಗಳಲ್ಲಿ ಇವೂ ಸೇರಬೇಕು. ಇಬ್ಬರ ಬಳಿಯೂ ಪದವಿ ಸೂಚಿಸುವ ಚಿಹ್ನೆಗಳಿವೆ. ಹೆಸರೆಂದು ನಿಶ್ಚಯವಾಗಿ ಹೇಳಬಹುದಾದದ್ದು ಇಲ್ಲ.

ಅವರಾದರೂ ಚಿತ್ರದಲ್ಲಿದ್ದಾರೆ. ಆಶ್ಮೋಲಿಯನ್‌ನಲ್ಲಿರುವ ಚೇಳಿನ ಅರಸನ ಗದೆಯಲ್ಲಿ ಅರಸ ಗುದ್ದಲಿ ಹಿಡಿದಿದ್ದಾನೆ, ಕಾಲುವೆ ತೋಡುತ್ತಿರಬಹುದು. ಒಬ್ಬ ಬುಟ್ಟಿ ಹಿಡಿದು ಎದುರು ನಿಂತಿದ್ದಾನೆ. ಎಷ್ಟು ಸೌಮ್ಯವಾದ ದೃಶ್ಯವೆಂದುಕೊಳ್ಳುವಷ್ಟರಲ್ಲಿ ಮೇಲಿನ ಪಟ್ಟಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ಧ್ವಜಸ್ತಂಭಗಳಿಗೆ ಟಿಟ್ಟಿಭ ಹಕ್ಕಿಗಳನ್ನು ಕತ್ತಿಗೆ ಹಗ್ಗ ಬಿಗಿದು ನೇತುಹಾಕಿದೆ. ಮುಂದಿನ ಕಾಲದ ಈಜಿಪ್ಟಿನ ಲಿಪಿಯಲ್ಲಿ ಟಿಟ್ಟಿಭದ ಚಿಹ್ನೆಗೆ ಸಾಮಾನ್ಯ ಜನ, ಪ್ರಜೆಗಳು ಎಂಬ ಅರ್ಥ.

ಹಾಗಾದರೆ ನಾರ್ಮರ್ ಫಲಕ ಯಾವುದರ ದಾಖಲೆ? ಒಂದು ಪ್ರಭುತ್ವ ತನ್ನನ್ನು ಹೇಗೆ ನೆನೆಯಬೇಕೆಂದು ಬಯಸಿತೋ ಅದರ ದಾಖಲೆ. ಆ ಮಟ್ಟಿಗೆ ಅದು ಪ್ರಾಮಾಣಿಕ. ಹತ್ತು ರುಂಡಗಳನ್ನು ಅದು ಬಚ್ಚಿಟ್ಟಿಲ್ಲ, ಅಭಿಮಾನದಿಂದ ಎಣಿಸಿ ಜೋಡಿಸಿದೆ. ತಲೆಮಾರುಗಳ ಕೊಡುಕೊಳ್ಳುವಿಕೆಯನ್ನು, ಜಾಡಿಗೆ ಕಟ್ಟಿದ ಚೀಟಿಗಳನ್ನು, ಅವನ್ನು ಕೊರೆದ ಕೈಗಳನ್ನು ಅದು ಬಿಟ್ಟಿದೆ, ಏಕೆಂದರೆ ಅವುಗಳಿಂದ ವೀರನೊಬ್ಬನನ್ನು ಕಡೆಯಲಾಗದು. ಮುಂದೆ ಮೂರು ಸಾವಿರ ವರ್ಷಗಳ ಕಾಲ ಈಜಿಪ್ಟಿನ ಅರಸರು, ಹೊರಗಿನಿಂದ ಬಂದು ಅರಸರಾದವರೂ ಸಹ, ಈ ಒಂದು ಚಿತ್ರದೊಳಗೆ ತಮ್ಮ ಮುಖವಿಟ್ಟು ಹೋದರು. ನೋಡುವವರಾದ ನಾವು ಎತ್ತಿದ ಗದೆಯಿಂದ ಕಣ್ಣು ಕೀಳುವುದು ಸುಲಭವಲ್ಲ, ಶಿಲ್ಪಿಯ ಉದ್ದೇಶವೇ ಅದಾಗಿತ್ತು. ಆದರೂ ಆ ಹೆಣೆದ ಕತ್ತುಗಳ ನಡುವೆ ದುಂಡನೆಯ ಗುಳಿಯೊಂದಿದೆ. ಇಡೀ ಫಲಕದಲ್ಲಿ ಕೆತ್ತನೆ ಹಬ್ಬದ ಅಗಲವಾದ ಜಾಗ ಅದೊಂದೇ. ಅರಸ ಬರುವುದಕ್ಕೆ ಎಷ್ಟೋ ಶತಮಾನ ಮೊದಲಿನಿಂದ ಹೆಸರಿಲ್ಲದ ಹೆಂಗಸರು, ಗಂಡಸರು ಇಂಥದೇ ಕಲ್ಲುಗಳ ಮೇಲೆ ಹಸಿರು ಅದಿರನ್ನು ಅರೆದು ಕಣ್ಣಿಗೆ ಹಚ್ಚಿಕೊಂಡಿದ್ದರು.